ಕೆರೆಯ ಮೇಲೊಂದು ತೇಲುವ ತೋಟ

ಗುಳುಮುಳುಕ ಹಕ್ಕಿ ಗೂಡು ಕಟ್ಟುವುದು ನೀರಿನ ಮೇಲೆಯೇ. ಜಲಸಸ್ಯಗಳ ರಾಶಿ ಹಾಕಿ, ಜೊಂಡಿಗೆ ಸಿಕ್ಕಿಸಿ, ಮೊಟ್ಟೆಯಿಟ್ಟು, ಹೊರಡುವಾಗ ಮೇಲೆ ಸೊಪ್ಪು ಮುಚ್ಚಿ ಹೋಗುತ್ತದೆ. ನೀರು ಏರಿದರೆ ಗೂಡೂ ಏರುತ್ತದೆ. ಆದರೆ ದಡಕ್ಕೆ ಕಲ್ಲು, ಸಿಮೆಂಟಿನ ಗೋಡೆ ಕಟ್ಟಿದ ಕಡೆ ಜೊಂಡೆಲ್ಲಿ?

ತೇಲುವ ತೋಟ ಆ ಹಸಿರು ಅಂಚನ್ನು ನೀರಿನ ನಡುವೆಯೇ ಮತ್ತೆ ಕಟ್ಟಿಕೊಡುತ್ತದೆ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ಸುಮಾರು 3,000 ಚದರಡಿಯ ಇಂಥ ತೋಟ ಬಿಟ್ಟಿದ್ದರು: ಬಿದಿರು, ಥರ್ಮೊಕೋಲ್, ಗೋಣಿಚೀಲ, ಮೇಲೆ ಜಲ್ಲಿ. ಲಾವಂಚ, ಕಾಬಾಳೆಯಂಥ ಗಿಡಗಳ ಬೇರುಗಳು ಜಲ್ಲಿಯ ಸಂದಿಯಿಂದಿಳಿದು ನೀರಿನಲ್ಲಿ ಜೋತಾಡುತ್ತವೆ.

ನೀರನ್ನು ಶುದ್ಧಗೊಳಿಸುವ ನಿಜವಾದ ಕೆಲಸ ಈ ಬೇರುಗಳಲ್ಲಿ ನಡೆಯುತ್ತದೆ. ಬೇರನ್ನು ಸುತ್ತಿದ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಕೆಲವು ಅಮೋನಿಯಾವನ್ನು ನೈಟ್ರೇಟ್ ಆಗಿಸಿದರೆ, ಆಮ್ಲಜನಕ ಕಡಿಮೆಯಿರುವೆಡೆ ಬೇರೆ ಕೆಲವು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಹಾಗೆ ಹಾರಿಹೋಗುವ ದಾರಿಯಿಲ್ಲ. ಅದನ್ನು ಗಿಡ ಹೀರಬೇಕು, ಗಿಡವನ್ನು ನಾವು ಕೊಯ್ದು ದಡಕ್ಕೆ ತರಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ರಂಜಕ ಮರಳಿ ಕೆರೆಗೇ ಸೇರುತ್ತದೆ. ಬೇರುಗಳ ನಡುವೆ ಕೀಟಗಳ ಮರಿ, ಅವನ್ನು ತಿನ್ನುವ ಮೀನು, ಮೀನಿಗಾಗಿ ಮುಳುಗುವ ಗುಳುಮುಳುಕ.

ಜಲಪರ್ಣಿ ಎಂಬ ಕಳೆಯೂ ತೇಲುತ್ತದೆ, ಹೀರುತ್ತದೆ. ಆದರೆ ಅದು ಇಡೀ ಕೆರೆಗೆ ಹಬ್ಬಿ ಬೆಳಕು, ಗಾಳಿ ತಡೆಯುತ್ತದೆ. ಸೊಲ್ಲಾಪುರದ ಕಂಬರ ತಲಾವಿನ ಸುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೊಲ್ಲಾಪುರದ ಈ ಒಣಸೀಮೆಗೆ ತೇಲುವ ತೋಟ ವಿಶೇಷವಾಗಿ ಹೊಂದುತ್ತದೆಂದು ನಾನು ನಂಬಿದ್ದೇನೆ. 12ನೇ ಶತಮಾನದ ಸಿದ್ಧರಾಮರ ಹೆಸರಿನೊಡನೆ ಬೆರೆತ ಸಿದ್ಧೇಶ್ವರ ಕೆರೆಯಿರಲಿ, 1871ರಲ್ಲಿ ಮುಗಿದ ಹಿಪ್ಪರಗಾ ಕೆರೆಯಿರಲಿ, ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ದಡದ ಸಸಿ ಒಣಗುತ್ತದೆ. ತೇಲುವ ತೋಟ ನೀರಿನ ಜೊತೆಗೇ ಇಳಿಯುತ್ತದೆ, ಕಟ್ಟಿದ ಹಗ್ಗ ಮಾತ್ರ ಉದ್ದವಿರಬೇಕು. ಥರ್ಮೊಕೋಲ್ ನನಗೆ ಒಪ್ಪಿಗೆಯಿಲ್ಲ: ಬಿಸಿಲಿಗೆ ಪುಡಿಯಾಗಿ ಮೀನಿನ ಹೊಟ್ಟೆ ಸೇರುತ್ತದೆ. ಬಿದಿರು ಕೊಳೆತರೆ ಬದಲಿಸಬಹುದು. ಚರಂಡಿ ನೀರು ಸೇರುವುದು ನಿಲ್ಲದಿದ್ದರೆ ಯಾವ ತೋಟವೂ ಕೆರೆಯನ್ನು ಉಳಿಸಲಾರದು, ಆ ಕೆಲಸ ಮೊದಲಾಗಬೇಕು.

ಅಕ್ಕಲಕೋಟೆಯ ಬೋರಿ ನದಿಯ ಲೆಕ್ಕ ಬೇರೆ. ಮಳೆಗಾಲದ ಹೊಳೆ ಬಿದಿರನ್ನೂ ಗಿಡವನ್ನೂ ಭೀಮೆಯವರೆಗೆ ಕೊಚ್ಚಿಕೊಂಡು ಹೋದೀತು. ಅಲ್ಲಿ ತೋಟ ಬಿಡುವುದಾದರೆ ನದಿಯ ನಡುವೆ ಬೇಡ. ಕುರನೂರ ಅಣೆಕಟ್ಟಿನ ಹಿನ್ನೀರಿನಲ್ಲಿ, ಸೆಳೆತವಿಲ್ಲದ ಮೂಲೆ ನೋಡಿ ಶುರುಮಾಡಬೇಕು.