ಹೆಬ್ಬೆರಳಿಗೆ ಹಿಡಿದ ದುರ್ಬೀನು

2005ರ ಮಾರ್ಚ್ ತಿಂಗಳ ಆರಂಭ. ಬೆಂಗಳೂರು ಅರಮನೆ ಮೈದಾನ, ಸಂಜೆ ಆರು ಗಂಟೆ. ಆಕಾಶ ಶುಭ್ರ, ಗಾಳಿ ಇದ್ದೂ ಇಲ್ಲದಂತೆ. ಹೊಂಗೆ ಮರಗಳು ಹಳೆಯ ಎಲೆ ಉದುರಿಸಿ ಎಳೆಹಸಿರು ಹೊದ್ದಿವೆ. ಬಳ್ಳಾರಿ ರಸ್ತೆಯ ಅಂಚಿನ ಮಳೆಮರದಲ್ಲಿ ಕೋಗಿಲೆಯೊಂದು ಕೂಗುತ್ತಿದೆ. ಬಸ್ಸಿನ ಹಾರನ್ ಕೇಳಿದರೆ ನಿಲ್ಲಿಸುತ್ತದೆ, ಬಸ್ಸು ದಾಟಿದ ಮೇಲೆ ಮತ್ತೆ ಕೆಳಗಿನ ಸ್ವರದಿಂದ ಶುರುಮಾಡುತ್ತದೆ. ಕರಿಹದ್ದುಗಳು ವೇದಿಕೆಯ ನೆತ್ತಿಯ ಮೇಲೆ ಸುತ್ತು ಹಾಕುತ್ತಿವೆ. ಕೆಳಗೆ ಒಬ್ಬಾತ ಡ್ರಮ್ಮನ್ನು ಒಂದೇ ಸಮ ಬಡಿಯುತ್ತಾ ಧ್ವನಿವರ್ಧಕ ಪರೀಕ್ಷಿಸುತ್ತಿದ್ದಾನೆ. ಆ ಏಟಿಗೆ ನಮ್ಮ ಎದೆಗೂಡು ಅದುರುತ್ತದೆ. ಹದ್ದುಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಸೂರ್ಯ ಮುಳುಗಿ, ವೇದಿಕೆಯ ದೊಡ್ಡ ದೀಪಗಳು ಒಮ್ಮೆಲೇ ಹತ್ತಿಕೊಂಡಾಗ ಮಾತ್ರ ಅವು ಗುಂಪು ಮುರಿದು ದಂಡಿನ ಕಡೆಗೆ ಹೊರಟುಹೋದವು. ಹದ್ದನ್ನು ಎಬ್ಬಿಸಲು ಸದ್ದಿಗಿಂತ ಬೆಳಕೇ ಗಟ್ಟಿ ಎಂದು ಬರೆದುಕೊಂಡೆ.

ನಾನು ನೋಡಲು ಹೋದದ್ದು ಮಾರ್ಕ್ ನಾಫ್ಲರ್ ಎಂಬ ಗಿಟಾರ್ ವಾದಕನನ್ನು. ಗೇಟಿನಲ್ಲಿ ಚೀಲ ತಡಕುತ್ತಿದ್ದವರು ನನ್ನ ದುರ್ಬೀನನ್ನು ಎತ್ತಿ ಹಿಡಿದು, “ಏನ್ ಸಾರ್, ಒಳಗೆ ಹಕ್ಕಿ ಇದ್ಯಾ?” ಎಂದರು. “ಒಂದಿದೆ, ಇಂಗ್ಲೆಂಡಿಂದ ಬಂದಿದೆ” ಎಂದೆ. ನಗುತ್ತಾ ಒಳಗೆ ಬಿಟ್ಟರು.

ಗುರುತಿನ ವಿವರ ಇಷ್ಟು. ಹುಟ್ಟಿದ್ದು 1949ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬೆಳೆದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ಸೀಮೆಯಲ್ಲಿ. ಲೀಡ್ಸ್‌ನ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದ, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಿದ. 1977ರಲ್ಲಿ ‘ಡೈರ್ ಸ್ಟ್ರೇಟ್ಸ್’ ತಂಡ ಕಟ್ಟಿದಾಗ ಇಪ್ಪತ್ತೆಂಟರ ಹತ್ತಿರ, ರಾಕ್ ಲೋಕದ ಮಟ್ಟಿಗೆ ಆಗಲೇ ತಡ. ಹುಟ್ಟು ಎಡಚ, ಗಿಟಾರ್ ಹಿಡಿಯುವುದು ಮಾತ್ರ ಬಲಗೈಯವರಂತೆ. 2003ರಲ್ಲಿ ಲಂಡನ್ನಿನಲ್ಲಿ ಮೋಟಾರ್ ಸೈಕಲ್ ಅಪಘಾತವಾಗಿ ಕೊರಳೆಲುಬು, ಹೆಗಲ ಮೂಳೆ, ಏಳು ಪಕ್ಕೆಲುಬು ಮುರಿದುಕೊಂಡಿದ್ದ. ಹಾಗಾಗಿ ಆತ ವೇದಿಕೆಗೆ ಬಂದಾಗ ನಾನು ಮೊದಲು ನೋಡಿದ್ದು ಹೆಗಲನ್ನು. ಗಿಟಾರಿನ ಪಟ್ಟಿ ಹೊತ್ತ ಹೆಗಲು ನೆಟ್ಟಗಿತ್ತು. ಎಂಬತ್ತರ ದಶಕದ ಚಿತ್ರಗಳಲ್ಲಿರುವ ಹಣೆಪಟ್ಟಿ ಇಲ್ಲ, ಕೂದಲು ಸಾಕಷ್ಟು ಹಿಂದೆ ಸರಿದಿದೆ, ಅಂಗಿಯ ತೋಳು ಮೊಣಕೈವರೆಗೆ ಮಡಿಸಿದೆ. ಪೇಟೆಯಲ್ಲಿ ಎದುರಾದರೆ ಬ್ಯಾಂಕಿನವರು ಅಂದುಕೊಳ್ಳಬೇಕು, ಹಾಗಿದ್ದ.

ಸುತ್ತಲಿನ ಜನ ಎರಡೂ ಬದಿಯ ದೊಡ್ಡ ಪರದೆ ನೋಡುತ್ತಿದ್ದರು. ಪರದೆಯಲ್ಲಿ ತೊಂದರೆಯೇನೆಂದರೆ, ಯಾವಾಗ ಏನನ್ನು ನೋಡಬೇಕು ಎಂಬುದನ್ನು ಇನ್ಯಾರೋ ತೀರ್ಮಾನಿಸುತ್ತಾರೆ. ಕೈ ನೋಡಬೇಕೆನ್ನುವಾಗ ಮುಖ ತೋರಿಸುತ್ತಾರೆ, ಮುಖ ನೋಡೋಣ ಎನ್ನುವಷ್ಟರಲ್ಲಿ ಡ್ರಮ್ಮಿಗೆ ಹೋಗಿರುತ್ತಾರೆ. ಮರಕುಟಿಗದ ಗೂಡಿನ ಮುಂದೆ ಕೂತವನು ಹಾಗೆ ಅತ್ತಿತ್ತ ಕಣ್ಣು ಓಡಿಸುತ್ತಿದ್ದರೆ ಬರಿಗೈಲಿ ಮನೆಗೆ ಬರುತ್ತಾನೆ. ನಾನು ದುರ್ಬೀನನ್ನು ಆತನ ಬಲಗೈಗೆ ಹಿಡಿದು ಅಲ್ಲೇ ಬಿಟ್ಟೆ.

ಬಲಗೈಯಲ್ಲಿ ಪ್ಲೆಕ್ಟ್ರಮ್ ಇಲ್ಲ. ರಾಕ್ ವಾದಕರಲ್ಲಿ ಬಹುಪಾಲು ಮಂದಿ ಹೆಬ್ಬೆರಳು, ತೋರುಬೆರಳ ನಡುವೆ ಆ ಪ್ಲಾಸ್ಟಿಕ್ ಚೂರನ್ನು ಹಿಡಿದೇ ತಂತಿ ಮೀಟುತ್ತಾರೆ. ಕೀಟಶಾಸ್ತ್ರದಲ್ಲೂ ಈ ಹೆಸರು ಇದೆ. ಗಂಡು ಚಿಮ್ಮಂಡೆಯ ಒಂದು ರೆಕ್ಕೆಯಲ್ಲಿ ಗರಗಸದಂಥ ಹಲ್ಲುಸಾಲು, ಇನ್ನೊಂದರ ಅಂಚಿನಲ್ಲಿ ಗಟ್ಟಿಯಾದ ಕೆರೆಯುವ ಭಾಗ. ಆ ಭಾಗಕ್ಕೆ ಪ್ಲೆಕ್ಟ್ರಮ್ ಎಂದೇ ಕರೆಯುತ್ತಾರೆ. ಅಂದರೆ ಆ ರಾತ್ರಿ ಮೈದಾನದ ಬೇಲಿಯ ಬುಡದಲ್ಲಿ ಹುಲ್ಲಿನೊಳಗೆ ಕೂತ ಚಿಮ್ಮಂಡೆಗಳ ಬಳಿ ಪ್ಲೆಕ್ಟ್ರಮ್ ಇತ್ತು, ವೇದಿಕೆಯ ಮೇಲಿದ್ದವನ ಬಳಿ ಇರಲಿಲ್ಲ. ಆತ ಬಳಸುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಷ್ಟೇ. ಉಂಗುರಬೆರಳು, ಕಿರುಬೆರಳು ತಂತಿಗಳ ಕೆಳಗೆ ಗಿಟಾರಿನ ಮೈಮೇಲೆ ಊರಿ ನಿಂತಿರುತ್ತವೆ. ಆ ಎರಡು ಬೆರಳು ಲಂಗರಿನಂತೆ ಕದಲದೆ ನಿಂತಿರುವುದರಿಂದಲೇ ಉಳಿದ ಮೂರಕ್ಕೆ ಅಷ್ಟು ಸಲಿಗೆ. ಹೆಬ್ಬೆರಳು ಕೆಳಕ್ಕೆ ಒತ್ತುತ್ತದೆ, ತೋರುಬೆರಳು ತಂತಿಯನ್ನು ಮೇಲಕ್ಕೆ ಎಳೆದು ಬಿಡುತ್ತದೆ, ಬಿಟ್ಟ ತಂತಿ ಚಟ್ಟೆಂದು ಗಿಟಾರಿನ ಮೆಟ್ಟಿಲಿಗೆ, ಅಂದರೆ ಫ್ರೆಟ್ಟಿಗೆ, ಹೊಡೆಯುತ್ತದೆ. ನಾಫ್ಲರನ ನಾದದಲ್ಲಿ ಕೇಳುವ ಆ ಸಣ್ಣ ಏಟು ಹುಟ್ಟುವ ಜಾಗ ಅದು.

ವೀಣೆ ಕೇಳಿ ಬೆಳೆದ ಕಿವಿಗೆ ಇದು ಬೇಗ ಒಗ್ಗುತ್ತದೆ. ಮೈಸೂರಿನ ವೈಣಿಕರದೂ ಬೆರಳಿನ ಮೀಟೇ. ಆದರೆ ಅಲ್ಲಿ ತೋರುಬೆರಳು, ನಡುಬೆರಳು ಮೀಟಿದರೆ ಕಿರುಬೆರಳು ಪಕ್ಕದ ತಾಳದ ತಂತಿಗಳಿಗೆ ಮೀಸಲು; ಹೆಬ್ಬೆರಳಿಗೆ ಕೆಲಸವಿಲ್ಲ. ಇಲ್ಲಿ ಕಿರುಬೆರಳಿಗೆ ರಜ, ಹೆಬ್ಬೆರಳೇ ಯಜಮಾನ. ಎಡಗೈಯ ಕೆಲಸ ಮಾತ್ರ ಎರಡರಲ್ಲೂ ನೆಂಟಸ್ತಿಕೆಯದು: ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು, ಅಲ್ಲೇ ಅಲುಗಿಸುವುದು. ಎಡಚನಾದ ಈತನ ಗಟ್ಟಿ ಕೈ ಆ ಕೆಲಸಕ್ಕೇ ಬಿದ್ದಿದೆ. ಉದ್ದ ಸ್ವರಗಳ ತುದಿಯಲ್ಲಿ ಆತ ಕೊಡುವ ಕಂಪನ ಅಷ್ಟು ಸಮನಾಗಿರಲು ಇದೂ ಒಂದು ಕಾರಣ ಇರಬೇಕು ಎನ್ನುವುದು ನನ್ನ ಗುಮಾನಿ.

ನಾನು ನಿಂತ ಜಾಗ ವೇದಿಕೆಯಿಂದ ಎಂಬತ್ತು ಮೀಟರ್ ಆಸುಪಾಸು. ದುರ್ಬೀನಿನಲ್ಲಿ ಬೆರಳು ತಂತಿ ಬಿಟ್ಟದ್ದು ಕಾಣುತ್ತದೆ, ಸ್ವರ ಚೂರು ತಡೆದು ಬರುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮೇಲೆದ್ದ ಮೇಲೆ ಏಟಿನ ಸದ್ದು ಕೇಳುವಂತೆ. ಆ ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಲೆಕ್ಕ ಹಾಕಿದರೆ ಕಾಲು ಸೆಕೆಂಡಿಗೆ ಕೊಂಚ ಕಡಿಮೆ. ಮೊದಮೊದಲು ಕಿರಿಕಿರಿ ಎನಿಸಿತು. ಆಮೇಲೆ ಅದೇ ಅನುಕೂಲವಾಯಿತು. ಬರಲಿರುವ ಸ್ವರ ಯಾವ ಬೆರಳಿನದು ಎಂದು ಕಿವಿಗಿಂತ ಮೊದಲೇ ಕಣ್ಣಿಗೆ ಗೊತ್ತಾಗುತ್ತಿತ್ತು.

‘ಸುಲ್ತಾನ್ಸ್ ಆಫ್ ಸ್ವಿಂಗ್’ ಶುರುವಾಯಿತು. ಕೆಂಪು ಸ್ಟ್ರಾಟೋಕಾಸ್ಟರ್. ಈ ಗಿಟಾರಿನ ಪ್ರತಿ ಪಿಕಪ್ಪಿನಲ್ಲೂ ಆರು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ತಾಮ್ರದ ತಂತಿ ಸುಮಾರು 8000 ಸುತ್ತು. ಉಕ್ಕಿನ ತಂತಿ ಮೇಲೆ ಅಲುಗಿದಾಗ ಸುರುಳಿಯಲ್ಲಿ ಹುಟ್ಟುವುದು ಇರುವೆ ಹೆಜ್ಜೆಯಷ್ಟು ವಿದ್ಯುತ್ತು. ಅದನ್ನು ಸಾವಿರಾರು ಪಟ್ಟು ಹಿಗ್ಗಿಸಿದ ಮೇಲೆಯೇ ಮೈದಾನ ತುಂಬುವ ಸದ್ದು. ಆದ್ದರಿಂದ ಬಲವಾಗಿ ಬಾರಿಸಬೇಕೆಂಬ ನಿಯಮ ಇಲ್ಲ. ಎಳೆಯರಿಗೆ ಇದು ಗೊತ್ತಿದ್ದರೂ ಕೈ ಕೇಳುವುದಿಲ್ಲ, ಭುಜದಿಂದ ಬೀಸುತ್ತಾರೆ. ಈತನ ಮೊಣಕೈ ಹಾಡಿನುದ್ದಕ್ಕೂ ಒಂದೇ ಕಡೆ ಇತ್ತು. ಕೊನೆಯ ಭಾಗದಲ್ಲಿ ಸ್ವರಗಳು ಒಂದರ ಮೇಲೊಂದು ಸರಸರನೆ ಉದುರುವಾಗಲೂ ಬೆರಳುಗಳು ತಂತಿಯಿಂದ ಒಂದು ಅಂಗುಲ ಕೂಡ ಮೇಲೇಳಲಿಲ್ಲ. ಜನ ಕುಣಿದು ಕೂಗುತ್ತಿದ್ದರು. ಅಷ್ಟು ಗದ್ದಲಕ್ಕೆ ಕಾರಣನಾದವನು ಅಲ್ಲಿದ್ದವರಲ್ಲೆಲ್ಲ ಕಡಿಮೆ ಅಲುಗುತ್ತಿದ್ದ. ನೀರಂಚಿನ ಬೂದುಬಕವನ್ನು ಎಷ್ಟೋ ಸಲ ಗಂಟೆಗಟ್ಟಲೆ ನೋಡಿದ್ದೇನೆ. ಮನುಷ್ಯನಲ್ಲಿ ಇಷ್ಟು ಮಿತ ಚಲನೆ ನೋಡಿದ್ದು ಅಪರೂಪ.

ದೀಪಗಳ ಕಂಬಕ್ಕೆ ಹುಳುಗಳು ಮುತ್ತಿದ್ದವು. ಹುಳುಗಳಿಗಾಗಿ ಚಿಕ್ಕ ಬಾವಲಿಗಳು ಬಂದವು. ಇಷ್ಟು ಗಲಾಟೆಯಲ್ಲಿ ಅವಕ್ಕೆ ಬೇಟೆ ಹೇಗೆ ಸಾಧ್ಯ ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. ಅವನಾಗಲೇ ನನ್ನಿಂದ ದುರ್ಬೀನನ್ನು ಒಮ್ಮೆ ಈಸಿಕೊಂಡಿದ್ದ. ಉತ್ತರ ಸುಲಭ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಸ್. ಮೇಲಕ್ಕೆ ಹೋದರೂ ಆಂಪ್ಲಿಫೈಯರಿನ ಸ್ಪೀಕರು ಐದಾರು ಸಾವಿರ ಹರ್ಟ್ಸ್ ದಾಟಿದರೆ ಸೊರಗುತ್ತದೆ. ಆ ಬಾವಲಿಗಳ ಕೂಗು 40 ಸಾವಿರ ಹರ್ಟ್ಸ್‌ನ ಅಕ್ಕಪಕ್ಕ, ನಮ್ಮ ಕಿವಿಯ ಮಿತಿಯೇ 20 ಸಾವಿರ. ಇಬ್ಬರ ವ್ಯವಹಾರ ಬೇರೆ ಬೇರೆ ಮಹಡಿಯಲ್ಲಿ. “ಹಂಗಾದ್ರೆ ಅವಕ್ಕೆ ಟಿಕೆಟ್ ದಂಡ ಬಿಡಿ ಸಾರ್” ಎಂದ.

ಈ ಮನುಷ್ಯನಿಗೂ ಪ್ರಾಣಿಶಾಸ್ತ್ರಕ್ಕೂ ಇರುವ ನೇರ ಸಂಬಂಧವನ್ನೂ ಅವನಿಗೆ ಹೇಳಿದೆ. ಮಡಗಾಸ್ಕರಿನಲ್ಲಿ ನೆಲ ಅಗೆಯುತ್ತಿದ್ದ ವಿಜ್ಞಾನಿಗಳು ನಾಫ್ಲರನ ಹಾಡು ಹಾಕಿಕೊಂಡು ಕೆಲಸ ಮಾಡುತ್ತಿದ್ದಾಗ ಒಂದು ಡೈನೋಸಾರಿನ ಮೂಳೆಗಳು ಸಿಕ್ಕವು. 2001ರಲ್ಲಿ ಅದಕ್ಕೆ ಮಸಿಯಾಕಸಾರಸ್ ನಾಫ್ಲರಿ ಎಂದು ಹೆಸರಿಟ್ಟರು. ಸುಮಾರು ಏಳು ಕೋಟಿ ವರ್ಷ ಹಿಂದಿನ ಪ್ರಾಣಿ, ಮೂತಿಯಿಂದ ಬಾಲದವರೆಗೆ ಎರಡು ಮೀಟರ್ ಚಿಲ್ಲರೆ. ಕೆಳದವಡೆಯ ಮುಂದಿನ ಹಲ್ಲುಗಳು ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿದ್ದು ಅದರ ವಿಶೇಷ. ಅದರ ಹತ್ತಿರದ ಬಳಗದ್ದು ಎನ್ನಲಾದ ಲೀವಿಸೂಕಸ್‌ನ ಮೂಳೆ ಸಿಕ್ಕಿರುವುದು ನಮ್ಮ ಜಬಲ್ಪುರದಲ್ಲಿ, 1933ರಲ್ಲೇ ಅದರ ವಿವರಣೆ ಅಚ್ಚಾಗಿದೆ. ಎರಡೂ ನೆಲ ಒಂದು ಕಾಲಕ್ಕೆ ಅಂಟಿಕೊಂಡಿದ್ದವು. ಬೇರ್ಪಟ್ಟ ಗುರುತು ಬೇಕೆಂದರೆ ದೂರ ಹೋಗಬೇಕಿಲ್ಲ, ಮಲ್ಪೆಯಿಂದ ದೋಣಿ ಹತ್ತಿದರೆ ಸಾಕು. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಬಿರುಕಿನ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ರಾಕ್ ವಾದಕನ ಹೆಸರು ಉಡುಪಿಯ ಕಲ್ಲಿನವರೆಗೆ ಬಂದು ಮುಟ್ಟುವ ಈ ದಾರಿ ನನಗೆ ಆತನ ಯಾವ ಪ್ರಶಸ್ತಿಗಿಂತಲೂ ಇಷ್ಟ.

‘ಟೆಲಿಗ್ರಾಫ್ ರೋಡ್’ 1982ರ ಹಾಡು, ಧ್ವನಿಮುದ್ರಿಕೆಯಲ್ಲಿ ಹದಿನಾಲ್ಕು ನಿಮಿಷ ಮೀರುತ್ತದೆ. ಕಾಡಿನ ನಡುವೆ ಒಬ್ಬ ಬಂದು ನೆಲೆಸುತ್ತಾನೆ, ಅವನ ಹಿಂದೆ ಜನ, ಶಾಲೆ, ವಕೀಲರು, ರೈಲು. ಕೊನೆಗೆ ಆರು ಸಾಲು ವಾಹನಗಳ ರಸ್ತೆ, ಕೆಲಸ ಕಳೆದುಕೊಂಡ ಮನುಷ್ಯ. ಅಮೆರಿಕದ ಮಿಷಿಗನ್ನಿನಲ್ಲಿ ಆ ಹೆಸರಿನ ರಸ್ತೆ ಈಗಲೂ ಇದೆ. ಬೆಂಗಳೂರಿನ ಮಧ್ಯೆ ನಾನೂರಕ್ಕೂ ಹೆಚ್ಚು ಎಕರೆ ಉಳಿದುಕೊಂಡ ಈ ಬಯಲಿನಲ್ಲಿ, ಬೇಲಿಯಾಚೆ ಮೇಖ್ರಿ ವೃತ್ತದ ಕಡೆಗೆ ತೆವಳುವ ದೀಪಗಳ ಸಾಲು ನೋಡುತ್ತಾ ಅದನ್ನು ಕೇಳುವುದು ಸುಖದ ಅನುಭವ ಆಗಿರಲಿಲ್ಲ.

ಆಮೇಲೆ ಗಿಟಾರ್ ಬದಲಾಯಿತು, ದಪ್ಪ ಮೈಯ ಲೆಸ್ ಪಾಲ್ ಬಂತು. ‘ಬ್ರದರ್ಸ್ ಇನ್ ಆರ್ಮ್ಸ್’, ಫಾಕ್‌ಲೆಂಡ್ ಯುದ್ಧದ ಕಾಲದಲ್ಲಿ ಹುಟ್ಟಿದ ಹಾಡು. ಇಲ್ಲಿ ಬೆರಳಿನ ಜೊತೆ ಪಾದವನ್ನೂ ನೋಡಬೇಕು. ತಂತಿ ಮೀಟುವಾಗ ಸದ್ದು ಏರಿಳಿಸುವ ಪೆಡಲ್ ಮೇಲೆತ್ತಿರುತ್ತದೆ, ಸದ್ದು ಇಲ್ಲ. ಮೀಟಿದ ಮೇಲೆ ಪಾದ ನಿಧಾನವಾಗಿ ಇಳಿಯುತ್ತದೆ, ಸ್ವರ ಎಲ್ಲಿಂದಲೋ ಊರಿ ಬಂದಂತೆ ಬರುತ್ತದೆ. ಮೀಟಿನ ಏಟನ್ನೇ ಬಚ್ಚಿಟ್ಟುಬಿಡುವ ಉಪಾಯ. ಸುಲ್ತಾನ್ಸ್‌ನಲ್ಲಿ ಯಾವ ಏಟಿನಿಂದ ಹೆಸರು ಮಾಡಿದನೋ ಅದನ್ನು ಇಲ್ಲಿ ಪೂರ್ತಿ ಅಳಿಸುತ್ತಾನೆ. ಎರಡು ಸ್ವರಗಳ ನಡುವೆ ಆತ ಬಿಡುವ ಬಿಡುವು ಎಷ್ಟಿತ್ತೆಂದರೆ, ಅಷ್ಟು ಹೊತ್ತೂ ಕೂಗುತ್ತಿದ್ದ ಜನ ಅಲ್ಲಲ್ಲಿ ಬಾಯಿ ಮುಚ್ಚಿದರು. ಅಂಥ ಒಂದು ಬಿಡುವಿನಲ್ಲಿ ಬಳ್ಳಾರಿ ರಸ್ತೆ ಕಡೆಯಿಂದ ಹಾಲಕ್ಕಿಯ ಕಿಚಕಿಚ ಕೇಳಿತು. ಗಡಿಯಾರ ನೋಡಿ ಬರೆದುಕೊಳ್ಳಲು ಬೆಳಕಿರಲಿಲ್ಲ.

ಇಡೀ ರಾತ್ರಿಯಲ್ಲಿ ಆತ ಆಡಿದ ಮಾತು ಕಡಿಮೆ. ನೆಗೆತ, ಮಂಡಿಯೂರುವುದು, ಗಿಟಾರನ್ನು ತಲೆಯ ಹಿಂದೆ ಹಿಡಿಯುವುದು ಯಾವುದೂ ಇಲ್ಲ. ಹುಡುಗರಿಗೆ ಇದು ಸಪ್ಪೆ ಅನ್ನಿಸಿರಬಹುದು. ನನ್ನ ಮಟ್ಟಿಗೆ ಹಳಬರನ್ನು ನೋಡಬೇಕಾದ್ದೇ ಇದಕ್ಕೆ. ಮೂವತ್ತು ವರ್ಷದ ಬಳಕೆಯಲ್ಲಿ ಬೇಡದ್ದೆಲ್ಲ ಉದುರಿಹೋಗಿ, ಉಳಿಯಬೇಕಾದ ಚಲನೆ ಮಾತ್ರ ಉಳಿದಿರುತ್ತದೆ.

ನಾಫ್ಲರನ ಕೊನೆಯ ಪ್ರವಾಸ 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಗಿಯಿತು. 2024ರ ಜನವರಿಯಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ತನ್ನ ನೂರಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜಿಗಿಟ್ಟ. 88 ಲಕ್ಷ ಪೌಂಡಿಗೂ ಮೀರಿ ಬಂದ ಹಣದಲ್ಲಿ ಕಾಲು ಭಾಗ ಧರ್ಮಕಾರ್ಯಕ್ಕೆ ಹೋಯಿತು. ಆತನ ವಯಸ್ಸಿನ ಕೆಲವರು ಇನ್ನೂ ಊರೂರು ತಿರುಗಿ ನುಡಿಸುತ್ತಿದ್ದಾರೆ. ಯಾರಾದರೂ ನಿಮ್ಮ ಊರ ಕಡೆ ಬಂದರೆ ದುರ್ಬೀನು ಒಯ್ಯಿರಿ, ಒಳಗೆ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿಕೊಳ್ಳಿ. ಎಂಟು ಪಟ್ಟಿನದು ಸಾಕು. ಹತ್ತು ಪಟ್ಟಿನದು ಜನರ ನೂಕಾಟದಲ್ಲಿ ನಿಲ್ಲುವುದಿಲ್ಲ.