ವೃತ್ತಾಕಾರದ ಆಸನ ಸಮಸ್ಯೆ: ಬಿಡಿಸುವ ಕ್ರಮ

ಎನ್.ಎಂ.ಎಂ.ಎಸ್. ಪರೀಕ್ಷೆಯ ಮೂಲಕ ಆಯ್ಕೆಯಾದ ಬಡ ವಿದ್ಯಾರ್ಥಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಬ್ರಹ್ಮಸಮುದ್ರದಂತಹ ಗಡಿ ಮಂಡಲದ ಮಕ್ಕಳಿಗೆ ಇದು ದೊಡ್ಡ ಆಸರೆ. ಮಾನಸಿಕ ಸಾಮರ್ಥ್ಯದ 90 ಪ್ರಶ್ನೆಗಳಿಗೆ 90 ನಿಮಿಷಗಳಷ್ಟೇ. ಎಡಬಲದ ಗೊಂದಲಕ್ಕೆ ಅಲ್ಲಿ ಅವಕಾಶವಿಲ್ಲ.

ಕೇಂದ್ರಾಭಿಮುಖವಾಗಿ ಕುಳಿತವರ ಎಡಗಡೆಯೇ ಪ್ರದಕ್ಷಿಣ ದಿಕ್ಕು. ಗುಡಿಯಲ್ಲಿ ದೇವರಿಗೆ ಎದುರಾಗಿ ನಿಂತವರು ಎಡಕ್ಕೆ ಹೊರಟು ಪ್ರದಕ್ಷಿಣೆ ಬರುವುದನ್ನು ಮಕ್ಕಳಿಗೆ ನೆನಪಿಸಬೇಕು.

ಉದಾಹರಣೆ: ಆರು ಮಂದಿ ಸಮಾನ ಅಂತರದಲ್ಲಿ ಕೇಂದ್ರಾಭಿಮುಖರಾಗಿದ್ದಾರೆ. ‘ಕ’ ಎದುರು ‘ಗ’. ‘ಕ’ದ ಪಕ್ಕದ ಬಲಕ್ಕೆ ‘ಚ’. ‘ಚ’ ಎದುರು ‘ಜ’. ‘ಗ’, ‘ಚ’ಗಳ ನಡುವೆ ‘ಟ’. ಉಳಿದವನು ‘ಡ’. ಪ್ರದಕ್ಷಿಣವಾಗಿ ‘ಕ’ದ ನಂತರ ಯಾರು?

ಮೊದಲು ಎದುರುಬದುರಿನ ಜೋಡಿಯನ್ನು, ಬಳಿಕ ಪಕ್ಕದವರನ್ನು ಗುರುತಿಸಬೇಕು. ‘ಕ’ದ ಎಡಗಡೆಯೊಂದೇ ಖಾಲಿ ಉಳಿಯುತ್ತದೆ, ಉತ್ತರ ‘ಡ’. ಬಲವನ್ನೇ ಪ್ರದಕ್ಷಿಣವೆಂದು ಬಗೆದ ಮಗು ‘ಚ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತದೆ. ಆರು ಮಕ್ಕಳನ್ನು ಅಂಗಳದಲ್ಲಿ ವೃತ್ತವಾಗಿ ಕೂರಿಸಿ ಕಲಿಸಿದರೆ ಈ ತಪ್ಪು ನೀಗುತ್ತದೆ.