ಆಟದ ಶತ್ರುವಿಗೆ ಕಣ್ಣುಂಟೇ?

ಎಲೆಕ್ಟ್ರಾನಿಕ್ ಸಿಟಿಯ ಸಮೀಪದಲ್ಲಿರುವ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಒಂದು ದಿನ ನಮ್ಮ ಬಳಿಗೆ ಒಂದು ದೂರನ್ನು ತಂದನು. ಹಳೆಯ ವಿಡಿಯೋ ಆಟವೊಂದರ ಕೊನೆಯ ಶತ್ರುವು ಇನ್ನೇನು ಸಾಯಬೇಕು ಎನ್ನುವಾಗ ಮಂತ್ರ ಪ್ರಯೋಗಿಸಿ ಸಂಪೂರ್ಣ ಗುಣ ಹೊಂದಿದನಂತೆ. “ಯಂತ್ರ ನಮ್ಮ ಆಟ ನೋಡಿಕೊಂಡೇ ಮೋಸ ಮಾಡುತ್ತದೆ, ಸಾರ್” ಎಂಬುದು ಅವನ ವಾದ. ಯಂತ್ರವು ನಿಜವಾಗಿಯೂ ನೋಡುತ್ತದೆಯೇ? ಪರೀಕ್ಷಿಸೋಣ.

ಆ ಆಟವು ಜಪಾನಿನ ಸ್ಕ್ವೇರ್ ಸಂಸ್ಥೆಯು 1987ರಲ್ಲಿ ಹೊರತಂದ ‘ಫೈನಲ್ ಫ್ಯಾಂಟಸಿ’. ಅದರ ಪ್ರೋಗ್ರಾಮನ್ನು ಬರೆದವರು ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಾಸಿರ್ ಗೆಬೆಲ್ಲಿ. ಆಟಗಾರನು ನಾಲ್ವರು ವೀರರನ್ನು ನಡೆಸುತ್ತಾನೆ. ಕೊನೆಯ ಶತ್ರು ಕೇಯಾಸ್. ಮೂಲ ಆಟದಲ್ಲಿ ಅವನ ಪ್ರಾಣಬಲ 2000 ಅಂಕ.

ಪೀಣ್ಯದ ಕಾರ್ಖಾನೆಗಳಲ್ಲಿ ಟರೆಟ್ ಲೇತನ್ನು ಕಂಡವರಿಗೆ ಈ ಶತ್ರುವಿನ ಮನಸ್ಸು ಬೇಗ ಅರ್ಥವಾದೀತು. ಲೇತಿನ ತಿರುಗುವ ತಲೆಯ ಸುತ್ತಲೂ ಹಲವು ಟೂಲುಗಳನ್ನು ಬಿಗಿದಿರುತ್ತಾರೆ. ಒಂದರ ಕೆಲಸ ಮುಗಿದೊಡನೆ ತಲೆ ತಿರುಗಿ ಮುಂದಿನದು ಎದುರಿಗೆ ಬರುತ್ತದೆ. ಕೊನೆಯದಾದ ಮೇಲೆ ಪುನಃ ಮೊದಲನೆಯದು. ಕೇಯಾಸನ ತಲೆಯೂ ಅಂತಹುದೇ. ಅದರಲ್ಲಿ ಎಂಟು ಮಂತ್ರಗಳು ಸಾಲಾಗಿವೆ: ಹಿಮ, ಮಿಂಚು, ಮಂದಗತಿ, ಪೂರ್ಣಚಿಕಿತ್ಸೆ, ಬೆಂಕಿ, ಸ್ವಲ್ಪ ಸೌಮ್ಯವಾದ ಮತ್ತೊಂದು ಹಿಮ, ಶೀಘ್ರಗತಿ, ಮಹಾಸ್ಫೋಟ. ಈ ಕ್ರಮ ಎಂದಿಗೂ ತಪ್ಪದು.

ಹಾಗಾದರೆ ಆಟಗಾರನಿಗೆ ಇದು ಏಕೆ ತಿಳಿಯುವುದಿಲ್ಲ? ಯಾವ ಮಂತ್ರವೆಂಬುದು ನಿಶ್ಚಿತವಾದರೂ, ಯಾವಾಗ ಎಂಬುದು ಆಕಸ್ಮಿಕ. ಪ್ರತಿ ಸರದಿಯಲ್ಲಿಯೂ ಯಂತ್ರವು ನಾಣ್ಯ ಚಿಮ್ಮಿದಂತೆ ಒಂದು ಸಂಖ್ಯೆಯನ್ನು ತೆಗೆಯುತ್ತದೆ. (ಅದೂ ನಿಜವಾದ ನಾಣ್ಯವಲ್ಲ, 256 ಸಂಖ್ಯೆಗಳನ್ನು ಕಲೆಸಿಟ್ಟ ಒಂದು ಪಟ್ಟಿ.) ಮಂತ್ರವು ಬರುವ ಸಂಭವ ಸುಮಾರು ಅರ್ಧ. ಅದು ಬಾರದಿದ್ದರೆ ಇನ್ನೊಮ್ಮೆ ಚಿಮ್ಮಬೇಕು: ಪುನಃ ಅರ್ಧದಷ್ಟು ಸಂಭವದಲ್ಲಿ, ನಾಲ್ಕು ವಿಶೇಷ ಪೆಟ್ಟುಗಳ ಬೇರೊಂದು ಸಾಲಿನಿಂದ ಮುಂದಿನದು. ಅದೂ ಇಲ್ಲವಾದರೆ ಬರಿಯ ಕೈಯೇಟು.

ಇಲ್ಲಿ ಎಲ್ಲಿಯೂ ಕೇಯಾಸನು ತನ್ನ ಗಾಯವನ್ನು ನೋಡಿಕೊಳ್ಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಪೂರ್ಣಚಿಕಿತ್ಸೆಯು ನಾಲ್ಕನೆಯ ಸ್ಥಾನದಲ್ಲಿರುವುದರಿಂದ ನಾಲ್ಕನೆಯ ಸರದಿಗಿಂತ ಮೊದಲು ಬರಲಾರದು. ಸರಿಯಾಗಿ ನಾಲ್ಕನೆಯದರಲ್ಲಿಯೇ ಬರುವ ಸಂಭವ 16ರಲ್ಲಿ 1. ಸರಾಸರಿ ಲೆಕ್ಕದಲ್ಲಿ ಅದರ ಸರದಿ ಎಂಟನೆಯದು. ಅಷ್ಟು ಹೊತ್ತಿಗೆ ಆಟಗಾರರು 2000 ಅಂಕಗಳಲ್ಲಿ ಬಹುಭಾಗವನ್ನು ಕಳೆದಿರುವುದು ಸಹಜವಷ್ಟೆ! ವೀರರು ಇನ್ನೂ ಏಟು ಹಾಕದಿರುವಾಗಲೇ ಚಿಕಿತ್ಸೆ ಬಂದು ವ್ಯರ್ಥವಾದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಗಿಯುತ್ತಿದ್ದ ಆಟ ಕೆಟ್ಟಾಗ ಮಾತ್ರ ದೂರು ಹುಟ್ಟುತ್ತದೆ.

ಲೆಕ್ಕವನ್ನು ಕೇಳಿದ ವಿದ್ಯಾರ್ಥಿಗೆ ತೃಪ್ತಿಯಾಗಲಿಲ್ಲ. ಕಾಗದದ ಮೇಲೆ ಮಂತ್ರಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಪುನಃ ಆಡೆಂದು ಹೇಳಿ ಕಳುಹಿಸಿದೆವು. ಒಮ್ಮೆ ಚಿಕಿತ್ಸೆ ಬಂದುಹೋದರೆ ಮತ್ತೆ ಅದು ಬರಲು ನಡುವೆ ಏಳು ಮಂತ್ರಗಳು ಕಳೆಯಬೇಕು. ವೀರರ ಶಕ್ತಿಯನ್ನೆಲ್ಲ ಅಲ್ಲಿಯವರೆಗೆ ಉಳಿಸಿಕೊಂಡು ಆಮೇಲೆ ಸುರಿಯುವುದೇ ಜಾಣತನ. ಮರುದಿನ ಅವನು ತಂದ ಕಾಗದದಲ್ಲಿ ಚಿಕಿತ್ಸೆಯು ಹನ್ನೊಂದನೆಯ ಸರದಿಯಲ್ಲಿ ಬಂದಿತ್ತು; ಕೇಯಾಸನು ಹದಿನೇಳನೆಯದರಲ್ಲಿ ಬಿದ್ದಿದ್ದನು.